ಅಕ್ಕನ ಮುಂದೆ ಅಳುವಂತಿಲ್ಲ

ಏಪ್ರಿಲ್ 19, 1973

ಅಣ್ಣ ಸತ್ತು ಎರಡು ದಿನವಾಯಿತು. ಇದನ್ನು ಇದುವರೆಗೆ ಬಾಯಿಬಿಟ್ಟು ಹೇಳಿಲ್ಲ, ಹೇಳುವಂತಿಲ್ಲ. ಅದಕ್ಕೇ ಫಿಜಿಕ್ಸ್ ನೋಟ್ಸಿನ ಹಿಂದೆ ಉಳಿದ ಹಾಳೆಗಳಲ್ಲಿ ಬರೆದುಕೊಳ್ಳುತ್ತಿದ್ದೇನೆ. ಮಹಡಿಯ ಮೇಲೆ ಸಂಡಿಗೆ ಕಾಯಲು ಕೂರಿಸಿದ್ದಾರೆ. ಹೌದು, ನಮ್ಮ ಮನೆಯಲ್ಲಿ ಇವತ್ತು ಸಂಡಿಗೆ ಇಟ್ಟರು. ಪ್ರತಿ ವರ್ಷ ಇಡುತ್ತೇವಲ್ಲ, ಇಡದಿದ್ದರೆ ಯಾಕೆ ಎಂದು ಅಕ್ಕ ಕೇಳುತ್ತಾಳೆ ಎಂದು ಅತ್ತೆಯೇ ನಿಂತು ಹಿಟ್ಟು ಬೇಯಿಸಿದರು.

ಮೊನ್ನೆ ಅಪ್ಪನ ಆಫೀಸಿಗೆ ತಂತಿ ಬಂತು. ಹೊಸಪೇಟೆಯ ಆಚೆ ಕಾಲುವೆ ಸರ್ವೆಗೆ ಹೋಗಿದ್ದ ಜೀಪು ಮಗುಚಿದೆ, ಜಂಬಣ್ಣ ಇಲ್ಲ, ಕೂಡಲೇ ಹೊರಡಿ. ಇಪ್ಪತ್ತಮೂರು ವರ್ಷದ ಹುಡುಗನ ಬಗ್ಗೆ ಇಷ್ಟೇ. ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನವೇ ಮನೆಗೆ ಬಂದು, ಅಮ್ಮನನ್ನೂ ಅತ್ತೆಯನ್ನೂ ನನ್ನನ್ನೂ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕರೆದು ಹೇಳಿದರು. ಅಮ್ಮ ಬಾಯಿ ತೆರೆದಳು. ಶಬ್ದ ಹೊರಡುವ ಮೊದಲೇ ಅತ್ತೆ ತಮ್ಮ ಸೆರಗನ್ನು ಅವಳ ಬಾಯಿಗೆ ತುರುಕಿದರು. ಒಳಗೆ ಜಗದಾಂಬಾ ಮಲಗಿದ್ದಾಳೆ, ಏಳು ತುಂಬಿ ಎಂಟಕ್ಕೆ ಬಿದ್ದಿದೆ, ಗೊತ್ತಾದರೆ ಎರಡು ಜೀವ ಹೋಗುತ್ತೆ, ಹೆರಿಗೆ ಆಗುವವರೆಗೂ ಈ ಮನೆಯಲ್ಲಿ ಯಾರೂ ಅಳಕೂಡದು ಎಂದರು. ಶಿವಗಂಗಮ್ಮತ್ತೆ ಅಪ್ಪನಿಗಿಂತ ಹತ್ತು ವರ್ಷ ದೊಡ್ಡವರು. ಅಕ್ಕನ ಬಾಣಂತನಕ್ಕೆಂದೇ ನಮ್ಮ ಮನೆಗೆ ಬಂದಿರುವವರು. ಅವರ ಮಾತಿಗೆ ಅಪ್ಪ ಎದುರಾಡಿದ್ದನ್ನು ನಾನು ಕಂಡಿಲ್ಲ.

ಹೊಸಪೇಟೆಯ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ದಿಢೀರನೆ ಗೊತ್ತಾಗಿದೆ ಎಂದು ಅಕ್ಕನಿಗೆ ಹೇಳಿದರು. ನಿಶ್ಚಿತಾರ್ಥಕ್ಕೆ ಹೋಗುವವರು ಹಳೆ ಸೀರೆಯಲ್ಲಿ ಹೋಗುತ್ತಾರೆಯೇ? ಅಮ್ಮ ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟಳು. ಅಕ್ಕನೇ ಅವಳನ್ನು ಕೂರಿಸಿಕೊಂಡು ಮಲ್ಲಿಗೆ ಮುಡಿಸಿದಳು. ಹಾಗೆ ಸಿಂಗರಿಸಿಕೊಂಡು ನಮ್ಮಮ್ಮ ಮಗನನ್ನು ಮಣ್ಣು ಮಾಡಲು ರೈಲು ಹತ್ತಿದಳು.

ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಅಕ್ಕನನ್ನು ನಗಿಸುತ್ತಾ ಇರಲು ಒಬ್ಬರು ಬೇಕಂತೆ. ಅಣ್ಣನ ಮುಖವನ್ನು ನಾನು ಕೊನೆಯ ಸಲ ನೋಡಲಿಲ್ಲ. ಇದಕ್ಕಾಗಿ ನಾನು ಯಾರನ್ನೂ ಕ್ಷಮಿಸುವುದಿಲ್ಲ.

ಏಪ್ರಿಲ್ 22

ಅಪ್ಪ ಅಮ್ಮ ಬಂದರು. ಹೊಸಪೇಟೆ ಸ್ಟೇಷನ್ನಿನಲ್ಲಿ ಕೊಂಡ ಲಾಡು ತಂದಿದ್ದರು, ನಿಶ್ಚಿತಾರ್ಥದ್ದು ಎಂದು ತೋರಿಸಲು. ಅಕ್ಕ ಎರಡು ತಿಂದು, ಹುಡುಗ ಹೇಗಿದ್ದಾನೆ, ಜಂಬು ಬಂದಿದ್ದನಾ ಎಂದು ಕೇಳಿದಳು. ಬಂದಿದ್ದ ಎಂದಳು ಅಮ್ಮ. ಹೇಳಿ, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಎಷ್ಟೋ ಹೊತ್ತು ಹೊರಗೆ ಬರಲಿಲ್ಲ.

ನಮ್ಮಲ್ಲಿ ಸೂತಕವಿಲ್ಲ. ತಲೆ ಬೋಳಿಸುವುದಿಲ್ಲ, ಹತ್ತು ದಿನ ಯಾರನ್ನೂ ಮುಟ್ಟದೆ ಕೂರುವುದಿಲ್ಲ. ಹೋದವನು ಶಿವನಲ್ಲಿ ಸೇರಿದ, ಅಳುವುದಕ್ಕೇನಿದೆ ಎನ್ನುತ್ತಾರೆ. ಹೈಸ್ಕೂಲಿನಲ್ಲಿದ್ದಾಗ ಇದನ್ನು ನಾನು ಸ್ನೇಹಿತೆಯರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಈಗ ಅದೇ ಇವರಿಗೆ ಅನುಕೂಲವಾಯಿತು. ಅಮ್ಮನ ಹಣೆ ತುಂಬ ಕುಂಕುಮ, ಅಪ್ಪನ ಹಣೆಯಲ್ಲಿ ಎಂದಿನ ವಿಭೂತಿ, ಒಲೆಯ ಮೇಲೆ ಎಂದಿನ ಸಾರು. ಮನೆಯಲ್ಲಿ ಒಂದು ಸಾವಾಗಿದೆ ಎನ್ನಲು ಗುರುತೇ ಇಲ್ಲ.

ಸಂಜೆ ಗುರುಸಿದ್ದಯ್ಯನವರು ಬಂದರು. ನಮ್ಮ ಮನೆತನಕ್ಕೆ ಹಿಂದಿನಿಂದ ಗುರುಗಳಾಗಿರುವ ಅಯ್ಯನವರು, ಅಣ್ಣನ ಕೊರಳಿಗೆ ಲಿಂಗ ಕಟ್ಟಿದವರು ಅವರೇ. ಒಳಗಿದ್ದ ಅಕ್ಕನಿಗೆ ಕೇಳಿಸದ ಹಾಗೆ ಜಗಲಿಯಲ್ಲಿ ಅಪ್ಪನಿಗೆ ಏನೇನೋ ಸಮಾಧಾನ ಹೇಳಿದರು. ನಾನು ತಡೆಯಲಾರದೆ, ಒಂದು ಸಲ ಅತ್ತುಬಿಟ್ಟರೆ ಶಿವನಿಗೆ ಏನಾದರೂ ತೊಂದರೆಯೇ ಎಂದು ಕೇಳಿದೆ. ಅತ್ತೆ ತೋಳು ಚಿವುಟಿದರು. ಅಯ್ಯನವರು, ಬಸುರಿ ಇರುವ ಮನೆ ತಾಯಿ, ಸಂತೋಷವಾಗಿರಬೇಕು ಎಂದು ಹೇಳಿ ಊಟಕ್ಕೆ ಎದ್ದರು. ಎರಡು ಸಲ ತುಪ್ಪ ಹಾಕಿಸಿಕೊಂಡರು.

ಏಪ್ರಿಲ್ 24

ಕೆಮಿಸ್ಟ್ರಿ ಪೇಪರು ಬರೆದೆ. ಬರೆಯದಿದ್ದರೆ ಅಕ್ಕನಿಗೆ ಅನುಮಾನ ಬರುತ್ತಿತ್ತು. ಏನು ಬರೆದೆನೋ ಗೊತ್ತಿಲ್ಲ. ಫಸ್ಟ್ ಕ್ಲಾಸ್ ಗ್ಯಾರಂಟಿ ಎಂದು ಹೇಳಿ ನಗಬೇಕಾಗಿತ್ತು. ಬಾಗಿಲಿನ ಹೊರಗೆ ನಿಂತು ಮೂರು ಸಲ ನಕ್ಕು ನೋಡಿಕೊಂಡು ಒಳಗೆ ಹೋದೆ.

ಮೇ 3

ಅಕ್ಕ ದಿನಕ್ಕೆ ಹತ್ತು ಸಲ ಅಂಚೆಯವನನ್ನು ವಿಚಾರಿಸುತ್ತಾಳೆ. ಅಣ್ಣ ವಾರಕ್ಕೊಂದು ಇನ್‌ಲ್ಯಾಂಡ್ ಬರೆಯುತ್ತಿದ್ದ, ಅದೂ ಅವಳೊಬ್ಬಳಿಗೇ. ಅವಳಿಗಿಂತ ಎರಡೇ ವರ್ಷ ಚಿಕ್ಕವನು, ಇಬ್ಬರದೂ ಒಂದೇ ಗುಟ್ಟು. ಕಾಗದದ ತುಂಬ ಗೊಣಗಾಟ. ಮೆಸ್ಸಿನ ಸಾರಿನಲ್ಲಿ ಬೇಳೆ ಹುಡುಕಬೇಕು, ರೂಮಿನ ಸೇತುರಾಮನ ಗೊರಕೆಗೆ ನಿದ್ದೆಯಿಲ್ಲ, ಮೊಣಕಾಲಿನ ಮೇಲೆ ಕುರು ಎದ್ದಿದೆ, ಇಂಜಿನಿಯರು ನನ್ನನ್ನು ಕಂಡರೆ ಉರಿದು ಬೀಳುತ್ತಾನೆ, ಅಕ್ಕಾ ನಾನು ಈ ಕೆಲಸ ಬಿಟ್ಟುಬಿಡಲಾ? ಅಕ್ಕ ಓದಿ ಓದಿ ನಗುತ್ತಿದ್ದಳು, ಆಮೇಲೆ ಕೂತು ನಾಲ್ಕು ಪುಟ ಉತ್ತರ ಬರೆಯುತ್ತಿದ್ದಳು.

ಈಗ ಅತ್ತೆ ಒಂದು ಉಪಾಯ ತೆಗೆದಿದ್ದಾರೆ. ನನಗೆ ಅಕ್ಷರ ತಿದ್ದಿಸಿದವನು ಅಣ್ಣನೇ, ನನ್ನದೂ ಅವನದೂ ಒಂದೇ ಬರವಣಿಗೆ. ಆದ್ದರಿಂದ ನಾನೇ ಅವನ ಹೆಸರಿನಲ್ಲಿ ಬರೆಯಬೇಕು. ಅದನ್ನು ಕವರಿನಲ್ಲಿಟ್ಟು ಚಿಕ್ಕಪ್ಪನಿಗೆ ಕಳಿಸಿದರೆ ಅವರು ಹೊಸಪೇಟೆಯ ಡಬ್ಬಿಗೆ ಹಾಕುತ್ತಾರೆ, ಮುದ್ರೆಯೂ ಸರಿಯಾಗಿ ಬೀಳುತ್ತದೆ. ಸತ್ತವನ ಕೈಯಲ್ಲಿ ಕಾಗದ ಬರೆಸುವ ಈ ಯೋಜನೆಗೆ ಅಪ್ಪ ತಲೆಯಾಡಿಸಿದರು. ಅಮ್ಮ ನೆಲ ನೋಡುತ್ತಾ ಕೂತಿದ್ದಳು. ನಾನು ಆಗುವುದಿಲ್ಲ ಎಂದೆ.

"ಬೇಡ ಬಿಡು ತಾಯಿ," ಎಂದರು ಅತ್ತೆ. "ನಾಳೆ ಆ ಕೂಸಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಗಿರಿಜಾ ಒಪ್ಪಲಿಲ್ಲ ಅಂತ ನಾನೇ ಎಲ್ಲರಿಗೂ ಹೇಳ್ತೀನಿ."

ಬರೆದೆ. ಅಣ್ಣನ ಹಾಗೇ ಸಾರಿನ ಬೇಳೆ, ಸೇತುರಾಮನ ಗೊರಕೆ ಎಲ್ಲವನ್ನೂ ಬರೆದೆ. ಬರೆಯುವಾಗ ಒಂದು ಗಳಿಗೆ ಅವನು ಇದ್ದಾನೆಂದೇ ಅನ್ನಿಸಿತು. ಅತ್ತೆ ಓದಿಸಿಕೊಂಡು ಕೇಳಿ, ಇದೇನಿದು ಬರೀ ಅಪಶಕುನ, ಕುರುವಂತೆ, ನಿದ್ದೆಯಿಲ್ಲವಂತೆ, ಬಸುರಿ ಓದುವ ಕಾಗದವೇ ಇದು ಎಂದು ಹರಿದರು. ಎರಡನೆಯದರಲ್ಲಿ ಅಣ್ಣ ಹೊಟ್ಟೆ ತುಂಬ ಉಣ್ಣುತ್ತಾನೆ, ಕಣ್ಣು ತುಂಬ ನಿದ್ದೆ ಮಾಡುತ್ತಾನೆ, ಇಂಜಿನಿಯರು ಬೆನ್ನು ತಟ್ಟುತ್ತಾನೆ. ಇಂಥ ಅಣ್ಣ ನನಗೆ ಇರಲೇ ಇಲ್ಲ.

ಮೇ 12

ಕಾಗದ ಬಂತು. ಅಕ್ಕ ಓದಿ ಮಡಿಸಿಟ್ಟಳು. ಚೆನ್ನಾಗಿದಾನಂತೆ ಎಂದಳು. ಅತ್ತೆ ಹಿತ್ತಲಲ್ಲಿ ನನ್ನ ತಲೆ ಸವರಿ ಹೊಗಳಿದರು. ಮೈ ಉರಿದುಹೋಯಿತು. ಆದರೂ ಒಂದು ಮಾತು ನಿಜ, ಅಣ್ಣನ 'ಕ್ಷ' ನನಗೆ ಚೆನ್ನಾಗಿ ಬಂದಿತ್ತು.

ಮೇ 21

ಎದುರು ಮನೆಯ ಅನಂತಲಕ್ಷ್ಮಿಯವರ ಮೈದುನ ಮೈಸೂರಿನಲ್ಲಿ ತೀರಿಕೊಂಡನಂತೆ. ಬ್ರಾಹ್ಮಣರು, ಹತ್ತು ದಿನ ಸೂತಕ. ಬೆಳಗ್ಗೆಯೇ ಅವರು ಗಟ್ಟಿಯಾಗಿ ಅಳುವುದು ಕೇಳಿಸಿತು. ಅತ್ತೆ ಓಡಿ ಹೋಗಿ ರೇಡಿಯೋ ಜೋರು ಮಾಡಿ, ಬೀದಿ ಕಡೆಯ ಕಿಟಕಿಗಳನ್ನೆಲ್ಲಾ ಹಾಕಿದರು.

ನನಗೆ ಎಂಥ ಹೊಟ್ಟೆಕಿಚ್ಚಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಹತ್ತು ದಿನ! ಅವರನ್ನು ಯಾರೂ ಮುಟ್ಟುವುದಿಲ್ಲ, ಯಾರೂ ನಗು ಎನ್ನುವುದಿಲ್ಲ. ಲೈಬ್ರರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಅವರ ಜಗಲಿಯಲ್ಲಿ ಹೋಗಿ ಕೂತೆ. ಅವರ ಜೊತೆಯಲ್ಲೇ ನಾನೂ ಅತ್ತುಬಿಡುತ್ತೇನೆ, ಯಾರಿಗಾಗಿ ಅಳುತ್ತಿದ್ದೇನೆಂದು ಯಾರು ಕೇಳುತ್ತಾರೆ ಎಂಬ ಲೆಕ್ಕ ನನ್ನದು. ಮದುವೆಯಾಗಿ ಬಂದಾಗ ಅವನು ಎರಡನೇ ಕ್ಲಾಸು, ನಾನೇ ತಲೆ ಬಾಚಿ ಸ್ಕೂಲಿಗೆ ಕಳಿಸುತ್ತಿದ್ದೆ ಎಂದು ಅವರು ಅತ್ತರು. ನಾನು ಕಾದೆ. ಬರಲಿಲ್ಲ. ಸುಮ್ಮನೆ ಕೂರುವುದು ಚೆನ್ನಾಗಿರುವುದಿಲ್ಲವೆಂದು, ಅಳಬೇಡಿ, ಅತ್ತರೆ ಹೋದವರು ಬರುತ್ತಾರಾ, ಮನೆಯಲ್ಲಿ ಮಕ್ಕಳಿದ್ದಾರೆ, ನೀವು ನಗುನಗುತ್ತಾ ಇರಬೇಕು ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಸುಮ್ಮನಾದರು. ಆಮೇಲೆ ನಾನಿರುವವರೆಗೂ ಅಳಲಿಲ್ಲ.

ಚಿಕ್ಕ ವಯಸ್ಸಿಗೆ ಎಷ್ಟು ತಿಳಿವಳಿಕೆ ಎಂದು ಅಲ್ಲಿದ್ದ ಹಿರಿಯರೊಬ್ಬರು ನನ್ನನ್ನು ಹೊಗಳಿದರು. ಕಣ್ಣಿಗೆ ಧೂಳು ಬಿದ್ದರೆ ನೀರು ಬರುತ್ತದೆ. ಇವತ್ತು ಯಾಕೆ ಬರಲಿಲ್ಲವೋ. ನಿನ್ನೆ ನಿದ್ದೆ ಸರಿಯಾಗಿರಲಿಲ್ಲ, ಅದಕ್ಕೇ ಇರಬೇಕು.

ಮೇ 30

ಅಕ್ಕ ಅಣ್ಣನಿಗೆ ಬರೆದ ಕಾಗದವನ್ನು ಡಬ್ಬಿಗೆ ಹಾಕೆಂದು ನನ್ನ ಕೈಗೆ ಕೊಟ್ಟಳು. ಅಂಟಿಸಿದ್ದಳು. ಮಹಡಿಗೆ ತಂದು ಒಡೆದು ಓದಿದೆ. ಉತ್ತರ ಬರೆಯಬೇಕಾದವಳು ನಾನೇ ಅಲ್ಲವೇ?

ಹೀಗೆ ಬರೆದಿದ್ದಾಳೆ: "ಜಂಬು, ಇದನ್ನು ನಿನಗೊಬ್ಬನಿಗೇ ಹೇಳುತ್ತಿದ್ದೇನೆ. ನನ್ನ ಓರಗಿತ್ತಿ ಹೆರಿಗೆಯಲ್ಲಿ ಹೋಗಿದ್ದು ನನ್ನ ಕಣ್ಣೆದುರಿಗೆ. ನನಗೂ ಹಾಗೇ ಆಗುತ್ತದೆ ಎಂದು ದಿನಾ ಅನ್ನಿಸುತ್ತದೆ. ಅಮ್ಮನಿಗೆ ಹೇಳಹೋದರೆ ಬಾಯಿ ಮುಚ್ಚುತ್ತಾಳೆ. ಅತ್ತೆ ಬೈಯುತ್ತಾರೆ. ಗಿರಿಜಾ ಜೋಕು ಹೇಳುತ್ತಾಳೆ. ಇಲ್ಲಿ ಎಲ್ಲರೂ ಎಷ್ಟು ನಗುತ್ತಾರೆಂದರೆ ನನಗೆ ಹೆದರಿಕೆಯಾಗುತ್ತದೆ. ನೀನೂ ಈಗೀಗ ಬರೀ ಚೆನ್ನಾಗಿದ್ದೇನೆ ಎಂದು ಬರೆಯುತ್ತೀಯ. ನನ್ನ ಮೇಲೆ ಕೋಪವೇ? ನನಗೆ ಧೈರ್ಯ ಹೇಳಬೇಡ. ಹೌದಕ್ಕಾ, ಭಯವಾಗುತ್ತದೆ ಎಂದು ಒಂದು ಸಾಲು ಬರೆ, ಸಾಕು."

ಹತ್ತು ಸಲ ಓದಿದೆ. ಮನೆಯೊಳಗೇ ಇದ್ದಾಳೆ, ನನ್ನಿಂದ ಇಪ್ಪತ್ತು ಮೆಟ್ಟಿಲು ಕೆಳಗೆ. ಅವಳಿಗೆ ಸಾಯುವ ಭಯ, ಅದನ್ನು ಹೇಳಿಕೊಳ್ಳಲು ಸತ್ತವನೇ ಬೇಕಾಯಿತು. ನಾನು ಮಗ್ಗುಲಲ್ಲೇ ಮಲಗುತ್ತೇನೆ, ನನಗೆ ಹೇಳಲಿಲ್ಲ. ಯಾಕೆ ಹೇಳುತ್ತಾಳೆ? ನಾನು ಜೋಕು ಹೇಳುವವಳು.

ಜೂನ್ 2

ಅಣ್ಣನಾಗಿದ್ದರೆ ಹೇಗೆ ಬರೆಯುತ್ತಿದ್ದನೋ ಹಾಗೇ ಬರೆದೆ. ಅಕ್ಕಾ, ನನಗೂ ಭಯವಾಗುತ್ತದೆ, ನಿನ್ನನ್ನು ನೆನೆದು ಅನ್ನ ಇಳಿಯುವುದಿಲ್ಲ, ನೀನು ಎಷ್ಟು ಬೇಕಾದರೂ ಹೆದರಿಕೋ, ಅತ್ತುಕೋ, ಎಲ್ಲವನ್ನೂ ನನಗೆ ಬರೆ. ಕವರಿಗೆ ಹಾಕುವ ಮೊದಲೇ ಅತ್ತೆ ಕಸಿದುಕೊಂಡು ಅಪ್ಪನ ಕೈಲಿ ಓದಿಸಿದರು. ಅಪ್ಪನ ದನಿ ನಡುಗುತ್ತಿತ್ತು. ಇದು ಚೆನ್ನಾಗಿದೆಯಲ್ಲ ಅಕ್ಕಾ, ಹೀಗೇ ಕಳಿಸೋಣ ಎಂದು ಅತ್ತೆಗೆ ಹೇಳಿದರು. ಅಷ್ಟೂ ದಿನದಲ್ಲಿ ಅಪ್ಪ ಆಡಿದ ಒಂದೇ ಒಂದು ಒಳ್ಳೆಯ ಮಾತು. ಅತ್ತೆ ಕೇಳಲಿಲ್ಲ, ಕಾಗದ ಒಲೆಗೆ ಹೋಯಿತು. 

"ಮೂರು ಮಕ್ಕಳನ್ನ ಮಣ್ಣಿಗಿಟ್ಟವಳು ನಾನು," ಎಂದು ಅತ್ತೆ ನನಗೆ ಹೇಳಿದರು. "ಒಂದು ಸಲಾನೂ ಅಳಲಿಲ್ಲ. ಏನಾಯ್ತು ಹೇಳು ನನಗೆ?"

ಏನಾಯಿತೆಂದು ನಾನು ಹೇಳಬಹುದಾಗಿತ್ತು. ಸುಮ್ಮನೆ ಕೂತು ಅವರು ಹೇಳಿದ್ದನ್ನು ಬರೆದೆ: ಅಕ್ಕಾ, ಭಯಗಿಯ ಎಂಥದ್ದೂ ಬೇಡ, ಕೆಟ್ಟ ಯೋಚನೆ ಮಾಡಿದರೆ ಮಗುವಿಗೆ ಕೆಡುಕು, ನಗುತ್ತಾ ಇರು, ನಗುತ್ತಾ ಇದ್ದರೆ ಎಲ್ಲಾ ಒಳ್ಳೆಯದಾಗುತ್ತದೆ.

ಜೂನ್ 9

ಕಾಗದ ಮುಟ್ಟಿತು. ಅಕ್ಕ ಓದಿ ಗೋಡೆಯ ಕಡೆ ತಿರುಗಿ ಮಲಗಿದಳು. ಊಟಕ್ಕೆ ಏಳಲಿಲ್ಲ. ಸಾಯಂಕಾಲ ಎದ್ದು ಮುಖ ತೊಳೆದು, ತಲೆ ಬಾಚಿಕೊಂಡು ಹೊರಗೆ ಬಂದು ಕೂತಳು. ಎಲ್ಲರ ಜೊತೆ ನಕ್ಕಳು. ಅತ್ತೆಗೆ ಪರಮಾನಂದ, ತಮ್ಮ ಬರೆದಿದ್ದು ನಾಟಿತು ನೋಡು ಎಂದರು.

ಅವಳು ನಗುವುದನ್ನು ನೋಡಿ ನನಗೆ ಭಯವಾಯಿತು. ನಾನೂ ನಕ್ಕೆ.

ಜೂನ್ 15

ಗಂಡು ಮಗು. ಹತ್ತೊಂಬತ್ತು ಗಂಟೆ ನೋವು ತಿಂದಳು. ಕಿರುಚಲಿಲ್ಲವಂತೆ. ಆಸ್ಪತ್ರೆಯ ನರ್ಸು ಇಂಥ ಹುಡುಗಿಯನ್ನು ನೋಡೇ ಇಲ್ಲ ಎಂದಳು. ತುಟಿ ಕಚ್ಚಿಕೊಂಡು ಕೆಳತುಟಿಗೆ ಎರಡು ಹೊಲಿಗೆ ಬಿದ್ದಿದೆ.

ಜೂನ್ 17

ಹೆರಿಗೆ ಆಯಿತಲ್ಲ, ಇನ್ನು ಹೇಳಿ ಎಂದೆ. ಹಸಿ ಬಾಣಂತಿಗೆ ಹೇಳಿದರೆ ಹಾಲು ಬತ್ತುತ್ತದೆಯಂತೆ. ತೊಟ್ಟಿಲಿಗೆ ಹಾಕುವುದು ಆಗಲಿ ಎಂದರು ಅತ್ತೆ. ತೊಟ್ಟಿಲಾದ ಮೇಲೆ? ಮೂರು ತಿಂಗಳಾಗಲಿ. ಆಮೇಲೆ? ಗಂಡನ ಮನೆಗೆ ಹೋಗಲಿ, ಅಲ್ಲಿ ಭಾವನೇ ಸಮಯ ನೋಡಿ ಹೇಳುತ್ತಾನೆ. ಭಾವನಿಗೆ ಎಲ್ಲಾ ಮೊದಲೇ ಬರೆದು ತಿಳಿಸಿದ್ದಾರೆ, ಅವನೂ ಒಪ್ಪಿದ್ದಾನೆ. ಹಾಗಾದರೆ ನಮ್ಮ ಮನೆಯಲ್ಲಿ ಅಣ್ಣ ಸಾಯುವುದು ಯಾವಾಗ? ಇದನ್ನು ಕೇಳಿದ್ದಕ್ಕೆ ಅಮ್ಮ ಎರಡು ಕೈ ಜೋಡಿಸಿ, ನಿನ್ನ ಕಾಲಿಗೆ ಬೀಳ್ತೀನಿ ಗಿರಿಜಾ, ಸುಮ್ಮನಿರು ಎಂದಳು. ಅಮ್ಮನ ಕೂದಲು ಎರಡು ತಿಂಗಳಲ್ಲಿ ಮುಕ್ಕಾಲು ಪಾಲು ಬೆಳ್ಳಗಾಗಿದೆ. ಅದಕ್ಕೂ ಅತ್ತೆ ಏನೋ ಎಣ್ಣೆ ಹಚ್ಚುತ್ತಿದ್ದಾರೆ.

ಜುಲೈ 4

ಕಾಲೇಜು ಶುರುವಾಯಿತು. ಕೆಮಿಸ್ಟ್ರಿಯಲ್ಲಿ ಫೇಲು. ನೋಟೀಸ್ ಬೋರ್ಡಿನ ಮುಂದೆ ನಿಂತಿದ್ದಾಗ ಪಂಕಜಾ ಬಂದು, "ಏನೇ, ಫೇಲಾಗಿದ್ದಕ್ಕೆ ಇಷ್ಟು ಖುಷಿ? ಮದುವೆಗಿದುವೆ ಗೊತ್ತಾಯ್ತಾ?" ಎಂದಳು. ತಲೆಹರಟೆ. ನಾನೇನು ಖುಷಿಯಾಗಿದ್ದೆನೇ? ನನ್ನಷ್ಟಕ್ಕೆ ನಾನು ನಿಂತಿದ್ದೆ. ಮಲ್ಲೇಶ್ವರದಿಂದ ಮನೆಗೆ ಬರುವ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನನ್ನು ನೋಡಿ ನಕ್ಕಳು, ಗುರುತಿನವಳೇನೋ ಎಂದು ನೋಡಿದರೆ ಅಲ್ಲ. ಈ ಊರಿನ ಜನಕ್ಕೆ ಬೇರೆ ಕೆಲಸವಿಲ್ಲ.

ಜುಲೈ 8

ಇವತ್ತು ತೊಟ್ಟಿಲು. ಸೋದರಮಾವ ಇಲ್ಲದೆ ನನ್ನ ಮಗನಿಗೆ ಹೆಸರಿಡುವಂತಿಲ್ಲ ಎಂದು ಅಕ್ಕ ಹಟ ಹಿಡಿದಿದ್ದಳು. ಎರಡು ಸಲ ದಿನ ಮುಂದೆ ಹಾಕಿಸಿದಳು. ಕಡೆಗೆ ನನ್ನಿಂದ ಬರೆಸಿದರು: ಅಕ್ಕಾ, ಇಲ್ಲಿ ಕೆಲಸ ಬಹಳ, ರಜೆ ಕೇಳಲು ಮನಸ್ಸಿಲ್ಲ, ನೀವೆಲ್ಲಾ ಸಂತೋಷವಾಗಿ ಮಾಡಿಕೊಳ್ಳಿ. ಬಾಣಂತಿ ಕಣ್ಣಿಗೆ ಶ್ರಮ ಕೊಡಬಾರದೆಂದು ಅದನ್ನು ಓದಿ ಹೇಳಿದವಳೂ ನಾನೇ. ಈಗ ಎಂಥದ್ದನ್ನು ಓದುವಾಗಲೂ ನನ್ನ ದನಿ ನಡುಗುವುದಿಲ್ಲ.

ಅಕ್ಕ ಇನ್ನೊಮ್ಮೆ ಓದಿಸಿದಳು. ಆಮೇಲೆ ಒಳ್ಳೆಯ ಸೀರೆಯುಟ್ಟು ಬಂದು, ಬಂದವರ ಮುಂದೆಲ್ಲಾ ಕೂತಿದ್ದಳು. ತಮ್ಮ ಬರಲಿಲ್ಲವೇ ಎಂದು ಯಾರೋ ಕೇಳಿದರು.

"ಅವನು ದೊಡ್ಡ ಮನುಷ್ಯ ಆಗಿದಾನೆ," ಎಂದಳು. "ನಮ್ಮಂಥವರ ಮನೆಗೆಲ್ಲಾ ಯಾಕೆ ಬರ್ತಾನೆ?"

ಬಂದವರು ನಕ್ಕರು.  ಅಣ್ಣನ ಜೀವ ಹೋಯಿತು, ಈಗ ಅವನ ಮಾನವನ್ನೂ ತೆಗೆಯುತ್ತಿದ್ದೇವೆ. ಇದ್ದಿದ್ದರೆ ಅವನು ಜೂನ್ ಹದಿನೈದರ ಸಂಜೆಯ ರೈಲನ್ನೇ ಹತ್ತಿರುತ್ತಿದ್ದ, ರಜೆ ಕೊಡದಿದ್ದರೆ ಕೆಲಸವನ್ನೇ ಬಿಟ್ಟು ಬರುತ್ತಿದ್ದ. ಅವಳಿಗೆ ಅವನಷ್ಟು ಬೇಕಾದವರು ಯಾರೂ ಇರಲಿಲ್ಲ, ಗಂಡನೂ ಸೇರಿ. ಅವನನ್ನು ಅವಳ ಬಾಯಲ್ಲೇ ಹೀಗೆ ಅನ್ನಿಸಿದೆವು. ನೆಮ್ಮದಿಗಾಗಿಯಂತೆ! ಯಾರ ನೆಮ್ಮದಿ?

ಜುಲೈ 21

ಅಕ್ಕ ಈಗ ಅಂಚೆಯವನನ್ನು ವಿಚಾರಿಸುವುದಿಲ್ಲ.

ಆಗಸ್ಟ್ 2

ನಾಳೆ ನಾಗರ ಪಂಚಮಿ. ನಮ್ಮ ಕಡೆ ಅದು ಅಣ್ಣತಮ್ಮಂದಿರ ಹಬ್ಬ, ಅಕ್ಕತಂಗಿಯರು ಅವರ ಬೆನ್ನಿಗೆ ಹಾಲೆರೆಯುತ್ತೇವೆ. ಪ್ರತಿ ವರ್ಷ ಅಣ್ಣ ಎಲ್ಲಿದ್ದರೂ ಬಂದು, ಹಾಲು ತಣ್ಣಗಿದೆ ಎಂದು ಗೊಣಗುತ್ತಾ ಬೆನ್ನು ಒಡ್ಡುತ್ತಿದ್ದ. ಈ ಸಲ ಹಬ್ಬಕ್ಕೂ ಬರುವುದಿಲ್ಲವೆಂಬ ಕಾಗದ ಮೊನ್ನೆ ಬಂತು. ಎಂದರೆ, ನಾನು ಬರೆದೆ.

ಮಧ್ಯಾಹ್ನ ಅತ್ತೆ ಮತ್ತು ಅಮ್ಮ ಒಳಗೆ ಉಂಡೆ ಕಟ್ಟುತ್ತಿದ್ದರು. ಅಕ್ಕ ನನ್ನನ್ನು ಕರೆದು ಪೆನ್ನು ಕಾಗದ ತಾ ಎಂದಳು. ನಾನು ಹೇಳುತ್ತೇನೆ, ನೀನು ಬರೆ ಎಂದಳು. ಬರೆಯತೊಡಗಿದೆ. ಚಿರಂಜೀವಿ ಜಂಬಣ್ಣನಿಗೆ. ಇದು ನನ್ನ ಕೊನೆಯ ಕಾಗದ. ಭಯವಾಗುತ್ತದೆ ಎಂದು ನಿನ್ನೊಬ್ಬನಿಗೇ ಹೇಳಿದೆ, ನೀನೂ ನಗು ಎಂದು ಬರೆದೆ. ಸತ್ತರೂ ನಿನ್ನ ಹತ್ತಿರ ಹೇಳಿಕೊಳ್ಳಬಾರದಿತ್ತು ಎಂದು ಅವತ್ತೇ ತಿಳಿಯಿತು. ಮಗುವನ್ನು ನೋಡಲು ಬರಲಿಲ್ಲ, ಹಬ್ಬಕ್ಕೂ ಬರಲಿಲ್ಲ. ನನಗೆ ತಮ್ಮನಿದ್ದ ಎಂಬುದನ್ನು ಮರೆಯುತ್ತೇನೆ. ಇನ್ನು ಮೇಲೆ ನೀನು...

ಅಲ್ಲಿ ಪೆನ್ನು ನಿಂತಿತು. ಸುಳ್ಳುಗಳನ್ನೆಲ್ಲಾ ಬರೆದ ಕೈ, ಇದನ್ನು ಬರೆಯಲೊಲ್ಲೆ ಎಂದಿತು.

"ಅಕ್ಕಾ, ಇದನ್ನ ಎಲ್ಲಿಗೆ ಕಳಿಸಲಿ?"

"ಎಲ್ಲಿಗೆ ಅಂದ್ರೆ? ಅವನ ಅಡ್ರೆಸ್ಸಿಗೆ."

"ಅಲ್ಲಿ ಅವನಿಲ್ಲ. ಏಪ್ರಿಲ್ ಹದಿನೇಳನೇ ತಾರೀಕೇ ಹೋದ. ಜೀಪು ಮಗುಚಿತು. ಅಮ್ಮ ರೇಷ್ಮೆ ಸೀರೆ ಉಟ್ಕೊಂಡು ಹೋಗಿದ್ದು ಅದಕ್ಕೇ."

ಅವಳು ಕೂಗಲಿಲ್ಲ. ನನ್ನ ಮುಂದಿದ್ದ ಕಾಗದವನ್ನು ಎತ್ತಿ ಅಕ್ಷರಗಳನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ಎಲ್ಲಾನೂ ನೀನೇ ಬರೆದಿದ್ದಾ?"

"ಹೂಂ."

"ನಗ್ತಾ ಇರು ಅಂತ ಬರೆದಿದ್ದೂ?"

"ಹೂಂ."

ಕೆನ್ನೆಗೆ ಹೊಡೆದಳು. ಬಾಣಂತಿಯ ಕೈಯಲ್ಲಿ ಅಷ್ಟು ಶಕ್ತಿಯಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಅತ್ತಳು. ಎದುರು ಮನೆಯವರು, ಪಕ್ಕದ ಮನೆಯವರು ಎಲ್ಲಾ ಓಡಿ ಬರುವ ಹಾಗೆ ಅತ್ತಳು. ಅಮ್ಮ ಬೆಲ್ಲದ ಕೈಯಲ್ಲೇ ಬಂದು ಅವಳ ಮೇಲೆ ಬಿದ್ದಳು, ನೂರು ದಿನಗಳ ಮೇಲೆ ಅಮ್ಮನ ಗಂಟಲಿನಿಂದ ಅಳುವಿನ ಶಬ್ದ ಬಂತು. ಹಾಲು ಬತ್ತುತ್ತದೆ, ಹಾಲು ಬತ್ತುತ್ತದೆ ಎಂದು ಅತ್ತೆ ಸುತ್ತ ಓಡಾಡಿದರು. ಮಗು ಎದ್ದು ಚೀರಿತು. ಅಕ್ಕನ ಕುಪ್ಪಸ ಎರಡೂ ಕಡೆ ಹಾಲಿನಲ್ಲಿ ತೊಯ್ದು ಹೋಗಿತ್ತು. ಅಳುತ್ತಲೇ ಎತ್ತಿಕೊಂಡು ಕುಡಿಸಿದಳು. ಅತ್ತೆ ಅದನ್ನು ನೋಡಿ ಗೋಡೆಗೊರಗಿ ಕೂತರು. 

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು.

"ನೀನ್ಯಾಕೆ ನಗ್ತಾ ಇದೀಯ?"

ನಾನು ನಗುತ್ತಿಲ್ಲ ಎಂದೆ.

"ಗಿರಿಜಾ, ಸಾಕು ಕಣೇ. ಅವನು ಸತ್ತಿದ್ದು ಹೇಳಿ ಆಯ್ತಲ್ಲ. ಈಗ ನಗಬೇಡ."

ನಾನು ನಗುತ್ತಿರಲಿಲ್ಲ. ನಿಜವಾಗಿಯೂ ನಗುತ್ತಿರಲಿಲ್ಲ.

ಆಗಸ್ಟ್ 14

ಅಕ್ಕ ಮತ್ತು ಅಮ್ಮ ದಿನವೂ ಅಳುತ್ತಾರೆ. ಅತ್ತು, ಊಟ ಮಾಡಿ, ಅಣ್ಣನ ಹಳೆಯ ಕಾಗದಗಳನ್ನು ಓದಿ, ಅವನ ಗೊಣಗಾಟಕ್ಕೆ ನಕ್ಕು ಮತ್ತೆ ಅಳುತ್ತಾರೆ. ಅಪ್ಪ ನಿನ್ನೆ ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತರು, ಎಲ್ಲರಿಗೂ ಕೇಳಿಸಿತು. ಅಕ್ಕ ನನ್ನ ಜೊತೆ ಈಗ ಮಾತಾಡುತ್ತಾಳೆ. ಹೊಡೆದ ಕೆನ್ನೆಯನ್ನು ಮುಟ್ಟಿ ಮುಟ್ಟಿ ನೋಡುತ್ತಾಳೆ. ಕುರುವಿನ ಕಾಗದವನ್ನು ನನ್ನನ್ನು ಕೂರಿಸಿಕೊಂಡು ಮೂರು ಸಲ ಓದಿದಳು, ನನಗೂ ಅಳು ಬರಲಿ ಎಂದು. ಬರಲಿಲ್ಲ. ನಿಧಾನವಾಗಿ ಬರತ್ತೆ ಬಿಡು ಎಂದಳು.

ಸುದ್ದಿ ತಿಳಿದು ನೆಂಟರು ಬರುತ್ತಿದ್ದಾರೆ. ಇವತ್ತು ವಿಜಯನಗರದಿಂದ ಕಮಲಾಕ್ಷಮ್ಮನವರು, ಅವರ ಮನೆಯವರು ಎಲ್ಲಾ ಬಂದಿದ್ದರು. ಕಾಫಿ ಕೊಡಲು ಹೋದಾಗ ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿ, ಇವಳನ್ನು ನೋಡಿ, ಅಷ್ಟು ಅಂಟಿಕೊಂಡಿದ್ದ ಅಣ್ಣ, ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ, ಎಲ್ಲರನ್ನೂ ನಗಿಸಿಕೊಂಡು ಮನೆಯನ್ನು ಕಾಪಾಡಿದಳು, ಹೆಣ್ಣೆಂದರೆ ಹೀಗೆ ಗಟ್ಟಿಯಿರಬೇಕು ಎಂದರು.

ಗಟ್ಟಿಯಂತೆ. ನಾಲ್ಕು ತಿಂಗಳಿಂದ ಒಳಗೆ ಕೂಡಿಟ್ಟಿದ್ದೆಲ್ಲಾ ಒಟ್ಟಿಗೆ ಮೇಲೆ ಬಂತು. ಕಾಫಿ ತಟ್ಟೆಯನ್ನು ಕೆಳಗಿಟ್ಟು, ಇದು ಗಟ್ಟಿತನವಲ್ಲ ಅತ್ತೆ, ನೀವೆಲ್ಲಾ ಸೇರಿ ನನ್ನ ಅಳುವನ್ನು ಕೊಂದಿರಿ, ನನ್ನ ಅಣ್ಣನಿಗೆ ನಾನು ಕೊಡಬೇಕಾಗಿದ್ದು ಅದೊಂದೇ, ಅದನ್ನೂ ಕಿತ್ತುಕೊಂಡಿರಿ, ನಿಮ್ಮನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ ಎಂದೆ. ಬಾಯಿಬಿಟ್ಟು, ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.

 ಬಂದವರು ನನ್ನ ಮುಖ ನೋಡಿ, ತಮಾಷೆ ಮಾಡುತ್ತಿದ್ದೇನೆಂದುಕೊಂಡು ಎಲ್ಲರೂ ನಕ್ಕರು.